ಹೆಗಲ ಹೊರೆಯಿಲ್ಲದ ನಿಸರ್ಗಚಿತ್ರ

ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರಲ್ಲಿ ಅನೇಕರು ಅಲ್ಲಿಯ ಕತ್ತಲ ಮಂಟಪದೊಳಗೆ ರಾಜಗೋಪುರದ ತಲೆಕೆಳಗಾದ ನೆರಳನ್ನು ಕಂಡು ಬೆರಗಾಗಿರುತ್ತಾರೆ. ಕಿರುಗಂಡಿಯೊಂದರಿಂದ ಒಳನುಗ್ಗಿದ ಬೆಳಕು ಎದುರು ಗೋಡೆಯ ಮೇಲೆ ಇಡೀ ಗೋಪುರವನ್ನೇ ಬರೆದುಬಿಡುತ್ತದೆ. ಕ್ಯಾಮೆರಾದ ಮೂಲತತ್ತ್ವ ಇಷ್ಟೇ: ಕತ್ತಲೆಯ ಕೋಣೆ, ಅದಕ್ಕೊಂದು ರಂಧ್ರ, ಹೊರಗೆ ಬೆಳಕು. ಭಾರವಾದ ಸಲಕರಣೆಗಳಿಲ್ಲದೆ ಒಳ್ಳೆಯ ಚಿತ್ರವಾಗದೆಂದು ನಂಬಿದವರು ಆ ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಭಾರವು ಅನಿವಾರ್ಯವಾಗಿದ್ದ ಕಾಲವೂ ಇತ್ತು. 1856ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಛಾಯಾಚಿತ್ರಗಳನ್ನು ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಕಾಗದವನ್ನು ಕ್ಯಾಮೆರಾದೊಳಗೆ ಇಡಬೇಕಾಗಿದ್ದುದರಿಂದ ಪೆಟ್ಟಿಗೆಯೂ ಹಿರಿದಾಗಿತ್ತು. ಆ ಶ್ರಮದ ಫಲವಾಗಿ, ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಅಂದು ಇಟ್ಟಿಗೆಯ ಶಿಖರವಿದ್ದುದನ್ನು ನಾವಿಂದು ಕಣ್ಣಾರೆ ಕಾಣುತ್ತೇವೆ. ಆ ಶಿಖರ ಈಗಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉಳಿದದ್ದೇನು, ಅಳಿದದ್ದೇನು ಎಂಬುದು ತಾನಾಗಿಯೇ ತಿಳಿಯುತ್ತದೆ. ಈ ಚಿತ್ರಗಳಿಗೆ ಬೆಲೆ ತಂದದ್ದು ನಿಂತ ಜಾಗವೇ ಹೊರತು ಪೆಟ್ಟಿಗೆಯ ತೂಕವಲ್ಲ.

ಇಂದಿಗೂ ದೊಡ್ಡ ಕ್ಯಾಮೆರಾ, ಎರಡು ಮೂರು ಲೆನ್ಸು, ಸ್ಟ್ಯಾಂಡು ಸೇರಿದರೆ 5-6 ಕಿಲೋ ಹೊರೆಯಾಗುವುದುಂಟು. ಮೊಬೈಲ್ ಫೋನಾದರೋ 200 ಗ್ರಾಮಿನ ಆಸುಪಾಸು. ಮುಂಜಾವಿನ ಕತ್ತಲಲ್ಲಿ ಮಾತಂಗ ಪರ್ವತವನ್ನೇರುವಾಗ ಅರವತ್ತು ದಾಟಿದ ಮೊಣಕಾಲುಗಳಿಗೆ ಈ ಅಂತರ ಚೆನ್ನಾಗಿ ಗೊತ್ತಾಗುತ್ತದೆ. ಕೈ ಬಿಡುವಾಗಿದ್ದರೆ ಬಂಡೆಯನ್ನು ಹಿಡಿಯಬಹುದು, ಮೊಮ್ಮಗುವಿನ ಕೈಯನ್ನೂ ಹಿಡಿಯಬಹುದು.

ಮೇಲೆ ತಲುಪಿದೊಡನೆ ಎಲ್ಲರ ಫೋನುಗಳೂ ಉದಯಿಸುವ ಸೂರ್ಯನತ್ತ ತಿರುಗುತ್ತವೆ. ವಾಚಕರು ಸೂರ್ಯನಿಗೆ ಬೆನ್ನುಮಾಡಿ ನಿಲ್ಲಲಿ. ಪಶ್ಚಿಮದಲ್ಲಿ, ಪೂರ್ವಾಭಿಮುಖವಾದ ವಿರೂಪಾಕ್ಷನ ಗೋಪುರದ ಮೇಲೆ ಎಳೆಬಿಸಿಲು ಇಳಿಯುತ್ತಿರುತ್ತದೆ. ಬಂಡೆಗಳು ಉದ್ದನೆಯ ನೆರಳು ಚಾಚಿರುತ್ತವೆ. ಅವೇ ಬಂಡೆಗಳು ನಡುಹಗಲಿನಲ್ಲಿ ಚಪ್ಪಟೆಯಾಗಿ ಕಾಣುತ್ತವೆ. ಆದ್ದರಿಂದ ಕಾಯಬೇಕು, ಕಾಯುವ ಕೆಲಸವನ್ನು ಯಾವ ಯಂತ್ರವೂ ನಮ್ಮಿಂದ ಇಳಿಸಿಲ್ಲ.

ಫೋನಿನ ಮುಖ್ಯ ಲೆನ್ಸು ಅಗಲ ನೋಟದ್ದು. ಕಣ್ಣಿಗೆ ಹತ್ತಿರವೆನಿಸಿದ ಗೋಪುರ ಚಿತ್ರದಲ್ಲಿ ಕಡ್ಡಿಯಂತಾಗುವುದು ಇದರಿಂದಲೇ. ಬೆರಳುಗಳಿಂದ ತೆರೆಯನ್ನು ಹಿಗ್ಗಿಸುವವರು ಬಹಳ. ದೂರನೋಟದ ಪ್ರತ್ಯೇಕ ಲೆನ್ಸಿಲ್ಲದ ಫೋನಿನಲ್ಲಿ ಹಾಗೆ ಮಾಡಿದರೆ ನಡುವಿನ ಭಾಗವಷ್ಟೇ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ. ಅದಕ್ಕಿಂತ, ಕಾಲಬುಡದ ಬಂಡೆಯೊಂದನ್ನು ಚೌಕಟ್ಟಿನ ಕೆಳಭಾಗದಲ್ಲಿ ಸೇರಿಸಿಕೊಂಡರೆ ದೂರಕ್ಕೊಂದು ಅಳತೆ ದೊರೆಯುತ್ತದೆ. (ತೆರೆಯನ್ನೇ ನೋಡುತ್ತ ಹಿಂದಕ್ಕೆ ನಡೆಯಬೇಡಿ, ಅದು ಬೆಟ್ಟ, ಅಂಗಳವಲ್ಲ.) ಆಕಾಶ ಬಿಳಿಚಿಕೊಂಡರೆ ತೆರೆಯ ಮೇಲೆ ಮೋಡವಿರುವೆಡೆ ಒಮ್ಮೆ ಮುಟ್ಟಿರಿ. ಎಲ್ಲಕ್ಕೂ ಮೊದಲು ಲೆನ್ಸನ್ನು ಶುಭ್ರವಾದ ಬಟ್ಟೆಯಿಂದ ಒರೆಸಿರಿ. ಬೆರಳಿನ ಜಿಡ್ಡೇ ಚಿತ್ರದಲ್ಲಿ ಮಂಜಾಗಿ ಕಾಣುವುದುಂಟು.

ಮಿತಿಗಳಿಲ್ಲವೆಂದಲ್ಲ. ದೂರದ ಹಕ್ಕಿಗೆ, ಗೋಡೆ ತುಂಬುವ ಪಟಕ್ಕೆ ದೊಡ್ಡ ಕ್ಯಾಮೆರಾವೇ ಲೇಸು. ಅನೇಕ ಫೋನುಗಳು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುವುದರಿಂದ, ಗಾಳಿಗೆ ಅಲುಗುವ ಬಾಳೆಯೆಲೆ ಕಲಸಿದಂತಾಗಬಹುದು.

ನಮ್ಮ ಆತಂಕ ಬೇರೆಯದು. ಗ್ರೀನ್‌ಲಾನ ಮೇಣದ ಕಾಗದಗಳು 160 ವರ್ಷಗಳನ್ನು ದಾಟಿ ಉಳಿದಿವೆ. ನಾವು ಒಂದೇ ಬೆಳಗಿನಲ್ಲಿ ತೆಗೆದ ನೂರು ಚಿತ್ರಗಳು ಫೋನು ಕೆಟ್ಟ ದಿನವೇ ಇಲ್ಲವಾಗುತ್ತವೆ. ನಿಮ್ಮೂರ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಒಂದು ಜಾಗವನ್ನು ಗೊತ್ತುಮಾಡಿಕೊಳ್ಳಿ. ವರ್ಷಕ್ಕೊಮ್ಮೆ, ಯುಗಾದಿಯಂದೋ ಮಳೆ ನಿಂತ ಮೇಲೋ, ಅಲ್ಲಿಯೇ ನಿಂತು ಚಿತ್ರ ತೆಗೆಯಿರಿ. ಹತ್ತರಲ್ಲಿ ಒಂದನ್ನು ಉಳಿಸಿ, ಊರು, ದಿಕ್ಕು, ದಿನಾಂಕಗಳನ್ನು ಬರೆದಿಡಿ. ವಾಟ್ಸ್‌ಆ್ಯಪಿನಲ್ಲಿ ಸಾಧಾರಣವಾಗಿ ಕಳುಹಿಸಿದ ಚಿತ್ರ ಕುಗ್ಗಿರುತ್ತದೆಯಾದ್ದರಿಂದ ಮೂಲಪ್ರತಿಯನ್ನು ಡಾಕ್ಯುಮೆಂಟ್ ರೂಪದಲ್ಲಿ ಮಕ್ಕಳಿಗೆ ಕಳುಹಿಸಿ, ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಯ ಆಲ್ಬಮಿನಲ್ಲಿಡಿ.