ಗೋಳಗುಮ್ಮಟದ ನೆರಳು, ಚಂದ್ರನ ಅರೆನೆರಳು

2023ರ ಮೇ 5ರ ಬುದ್ಧಪೂರ್ಣಿಮೆಯಂದು ಚಂದ್ರಗ್ರಹಣವಿತ್ತು, ರಾತ್ರಿ 8.44ರಿಂದ ನಡುರಾತ್ರಿ ಕಳೆದು ಒಂದು ಗಂಟೆಯವರೆಗೆ, ನಾಲ್ಕು ಗಂಟೆಗೂ ಮೀರಿ ನಡೆದ ಆ ಗ್ರಹಣದಲ್ಲಿ ಚಂದ್ರಬಿಂಬಕ್ಕೆ ಎಲ್ಲಿಯೂ ಕಚ್ಚು ಬೀಳಲಿಲ್ಲ. ಅದು ಅರೆನೆರಳಿನ ಗ್ರಹಣ.

ಇದರ ಬಗೆಯನ್ನು ವಿಜಯಪುರದ ಗೋಳಗುಮ್ಮಟದ ಅಂಗಳದಲ್ಲಿಯೇ ಅರಿಯಬಹುದು. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವುಳ್ಳ ಬಿಂಬವಾದುದರಿಂದ, ಅದು ಪೂರ್ತಿ ಮರೆಯಾಗುವ ದಟ್ಟನೆರಳಿನ ಸುತ್ತ, ಅದರ ಒಂದು ಪಾಲು ಮಾತ್ರ ಮರೆಯಾಗುವ ಮಸುಕು ಪಟ್ಟಿಯೊಂದು ಇದ್ದೇ ಇರುತ್ತದೆ, ಅದೇ ಅರೆನೆರಳು. ಗೋಡೆಯ ಬುಡದಲ್ಲಿ ಗೆರೆ ಕೊರೆದಂತಿರುವ ನೆರಳು, ಮಿನಾರಿನ ತುದಿಯಿಂದ ನೂರು ಮೀಟರ್ ಆಚೆ ನೆಲಕ್ಕೆ ಬಿದ್ದಾಗ, ಅದರ ಪಕ್ಕದ ಅಂಚು ಸುಮಾರು ಒಂದು ಮೀಟರಿನಷ್ಟು ಮಸುಕಾಗಿರುತ್ತದೆ. ಪಟ್ಟಿಯ ಅಗಲ ದೂರದ 108ರಲ್ಲಿ ಒಂದು ಪಾಲಿನಷ್ಟು ಎಂಬ ಈ ಲೆಕ್ಕವನ್ನು ಚಂದ್ರನ 3,84,400 ಕಿ.ಮೀ. ದೂರಕ್ಕೆ ಹಿಡಿದರೆ ಭೂಮಿಯ ಅರೆನೆರಳಿನ ಪಟ್ಟಿ ಸುಮಾರು 3,560 ಕಿ.ಮೀ. ಆಗುತ್ತದೆ, ಚಂದ್ರನ ವ್ಯಾಸವೋ 3,474 ಕಿ.ಮೀ. ದಟ್ಟನೆರಳನ್ನು ಸೋಕದೆ ಇಡೀ ಚಂದ್ರ ಈ ಪಟ್ಟಿಯೊಳಗೆ ಹಿಡಿಸುವುದು 2006ರ ಮಾರ್ಚಿನಲ್ಲಿ ಆದಂತೆ ಅಪರೂಪಕ್ಕೊಮ್ಮೆ ಮಾತ್ರ. 2023ರಲ್ಲಿ ಚಂದ್ರ ದಟ್ಟನೆರಳಿನ ದಕ್ಷಿಣಕ್ಕೆ 200 ಕಿ.ಮೀ.ಗಿಂತ ಕಡಿಮೆ ಅಂತರದಲ್ಲಿ ಹಾದುಹೋದುದರಿಂದ ಉತ್ತರದ ಅಂಚಷ್ಟೇ ಮಂಕಾಯಿತು. ಚಂದ್ರಪಥ ಸೂರ್ಯಪಥಕ್ಕೆ 5 ಡಿಗ್ರಿ ಓರೆಯಾಗಿರುವುದರಿಂದ ಇಂಥ ತಪ್ಪಿಹೋಗುವಿಕೆ ಸಹಜವೇ.

1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ರಚಿಸಿದ ಭಾಸ್ಕರಾಚಾರ್ಯನ ಊರಾದ ವಿಜ್ಜಡವಿಡವನ್ನು ಕೆಲವು ವಿದ್ವಾಂಸರು ವಿಜಯಪುರವೆಂದು ಗುರುತಿಸಿದರೆ, ಬೇರೆ ಕೆಲವರು ಅದು ಮಹಾರಾಷ್ಟ್ರದಲ್ಲಿತ್ತು ಎನ್ನುತ್ತಾರೆ. ಊರು ಯಾವುದೇ ಇರಲಿ, ಆತನ ವಿವೇಕ ಇಂದಿಗೂ ಸಲ್ಲುತ್ತದೆ: ಚಂದ್ರಬಿಂಬದ ಹದಿನಾರರಲ್ಲಿ ಒಂದು ಪಾಲು ಗ್ರಸ್ತವಾದರೂ ಬೆಳದಿಂಗಳ ಪ್ರಭೆಯಲ್ಲಿ ಅದು ಕಾಣದು, ಅಷ್ಟು ಅಲ್ಪವಾದ ಗ್ರಹಣವನ್ನು ಬಲ್ಲವರು ಸಾರಬಾರದು ಎಂಬುದು ಆತನ ಅಭಿಪ್ರಾಯ. ಹಾಗಿರುವಾಗ ಕಚ್ಚೇ ಇಲ್ಲದ ಗ್ರಹಣಕ್ಕೆ ರಾಶಿಫಲ ಹೇಳುವುದು ಆಚಾರ್ಯನ ಗಣಿತಕ್ಕೂ ಒಗ್ಗದ, ಟಿ.ವಿ. ವಾಹಿನಿಗಳಿಗೆ ಮಾತ್ರ ಒಗ್ಗುವ ಕೆಲಸ.

ಆದರೂ ನೋಡಲು ಏನೂ ಇಲ್ಲವೆಂದಲ್ಲ. ಬಿಂಬದ ಮುಕ್ಕಾಲು ಭಾಗ ಅರೆನೆರಳಿನೊಳಗೆ ಸರಿದರೆ ಮಂಕು ಬರಿಗಣ್ಣಿಗೂ ತಿಳಿಯುತ್ತದೆ. ಇಂಥ ಗ್ರಹಣ 2027ರ ಫೆಬ್ರವರಿ 21ರ ಬೆಳಗಿನ ಜಾವ ಮತ್ತೆ ಬರಲಿದೆ. ಐದು ಗಂಟೆಗೆ ತುಸು ಮೊದಲು, ನಗರದ ದೀಪಗಳಿಂದ ದೂರವಿರುವ ತಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತವರು ಚಂದ್ರನ ಬಲಭಾಗವನ್ನು ಗಮನಿಸಬೇಕು.