ಕಮೋಡ್‌ಗಿಂತ ಮೊದಲು ಪ್ಲಂಬರ್

ಟಾಯ್ಲೆಟ್ ಬದಲಿಸಬೇಕು ಅಂದುಕೊಂಡವರು ಮೊದಲು ಹೋಗುವುದು ಅಂಗಡಿಗೆ. ಸಾಲಾಗಿ ಹೊಳೆಯುವ ಕಮೋಡ್‌ಗಳಲ್ಲಿ ಚಂದದ್ದೊಂದನ್ನು ಆರಿಸಿ, ಮುಂಗಡ ಕೊಟ್ಟು, ಮನೆಗೆ ತರಿಸಿಕೊಂಡ ಮೇಲೆ ಪ್ಲಂಬರ್ ಎಲ್ಲಿ ಸಿಗುತ್ತಾರೆ ಅಂತ ಅಕ್ಕಪಕ್ಕದವರನ್ನು ಕೇಳುತ್ತಾರೆ. ಈ ಕ್ರಮವೇ ತಲೆಕೆಳಗು. ರಾಜಾಜಿನಗರದ ನಮ್ಮ ಹಳೇ ಮನೆಯಲ್ಲಿ ಎರಡು ಟಾಯ್ಲೆಟ್ ಬದಲಿಸಿದ ಮೇಲೆ, ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಮೊದಲು ಕೆಲಸಗಾರರನ್ನು ಗೊತ್ತುಮಾಡಿಕೊಳ್ಳಿ. ಅವರು ಬಂದು ಟೇಪು ಹಿಡಿದು ಅಳತೆ ಬರೆದುಕೊಟ್ಟ ಮೇಲೆ ಅಂಗಡಿಯ ದಾರಿ ಹಿಡಿಯಿರಿ.

ನಮ್ಮ ಅತ್ತೆಯವರ ಮಂಡಿ ಕೂತು ಏಳಲು ಬಿಡುತ್ತಿರಲಿಲ್ಲ. ಹಾಗಾಗಿ ಕೆಳಗಿನ ಇಂಡಿಯನ್ ಟಾಯ್ಲೆಟ್ಟನ್ನು ವೆಸ್ಟರ್ನ್ ಮಾಡಬೇಕಿತ್ತು. ಮಹಡಿಯಲ್ಲಿದ್ದ ಕಮೋಡು ಬಿರುಕು ಬಿಟ್ಟಿತ್ತು, ಅದಕ್ಕೆ ಬದಲಿ ಬೇಕಿತ್ತು. ಎರಡೂ ಒಂದೇ ಕೆಲಸದಂತೆ ಕಾಣುತ್ತವೆ, ಆದರೆ ಹಾಗಲ್ಲ.

ಮಹಡಿಯದು ಸುಲಭ. ನಮ್ಮ ಪ್ಲಂಬರ್ ಹಳೆಯದನ್ನು ಎತ್ತಿ ಪಕ್ಕಕ್ಕಿಟ್ಟು, ಹಿಂದಿನ ಗೋಡೆಯ ಟೈಲ್ಸ್‌ನಿಂದ ನೆಲದ ತೂತಿನ ನಡುಮಧ್ಯದವರೆಗೆ ಅಳೆದರು. "ಅಮ್ಮಾ, ಯಾವ ಕಂಪನಿದಾದ್ರೂ ತಗೊಳ್ಳಿ, ಆದ್ರೆ ಎಸ್ ಟ್ರ್ಯಾಪ್, ಒಂಬತ್ತು ಇಂಚು ಅಂತಾನೇ ಕೇಳಿ" ಅಂದರು. ಕಮೋಡಿನ ಕೊಳವೆ ನೆಲಕ್ಕಿಳಿದರೆ ಎಸ್ ಟ್ರ್ಯಾಪ್, ಹಿಂದಿನ ಗೋಡೆಗೆ ಹೋದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್‌ನಲ್ಲಿ 4, 9, 12 ಇಂಚಿನವು ಸಾಮಾನ್ಯವಾಗಿ ಸಿಗುತ್ತವೆ. 9 ಇಂಚಿನ ತೂತಿಗೆ 12 ಇಂಚಿನ ಕಮೋಡ್ ತಂದರೆ ಬಾಯಿಗೆ ಬಾಯಿ ಕೂಡುವುದಿಲ್ಲ. ಆಗ ಸೊಟ್ಟ ಪೈಪು ಹಾಕಿ ಹೊಂದಿಸುತ್ತಾರೆ, ಆ ಸೊಟ್ಟಿನಲ್ಲೇ ಮುಂದೆ ಕಟ್ಟಿಕೊಳ್ಳುತ್ತದೆ. ಅಂಗಡಿಯಲ್ಲಿ ಬಣ್ಣ, ಆಕಾರದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಈ ಅಳತೆಯನ್ನು ಮಾತ್ರ ನಾವೇ ಬಾಯಿಬಿಟ್ಟು ಹೇಳಬೇಕು.

ಇಂಡಿಯನ್‌ನಿಂದ ವೆಸ್ಟರ್ನ್‌ಗೆ ಬದಲಾಯಿಸುವುದು ನೆಲ ಒಡೆಯುವ ಕೆಲಸ. ಪ್ಲಂಬರ್ ಜೊತೆ ಗಾರೆ ಕೆಲಸದವರೂ ಬೇಕು. ಇಂಡಿಯನ್ ಬೇಸಿನ್ನಿನ ಕೆಳಗೆ ಬೇರೆಯದೇ ಟ್ರ್ಯಾಪ್ ಹೂತಿರುತ್ತದೆ. ಬಾಗಿದ ಆ ತುಂಡಿನಲ್ಲಿ ಸದಾ ನೀರು ನಿಂತು ಚರಂಡಿಯ ವಾಸನೆಯನ್ನು ತಡೆಯುತ್ತದೆ. ವೆಸ್ಟರ್ನ್ ಕಮೋಡಿನ ಹೊಟ್ಟೆಯಲ್ಲೇ ಅಂಥದ್ದೊಂದು ಬಾಗು ಇರುತ್ತದೆ. ಕೆಲಸ ಬೇಗ ಮುಗಿಸಬೇಕೆಂದು ಕೆಲವರು ಹಳೇ ಟ್ರ್ಯಾಪನ್ನು ತೆಗೆಯದೆ ಅದರ ಮೇಲೇ ಕಮೋಡ್ ಕೂರಿಸಿಬಿಡುತ್ತಾರೆ. ಎರಡು ಬಾಗುಗಳ ನಡುವೆ ಗಾಳಿ ಸಿಕ್ಕಿಕೊಂಡು, ಎಷ್ಟು ಫ್ಲಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಟೈಲ್ಸ್ ಹಾಕಿದ ಮೇಲೆ ಇದು ಯಾರ ಕಣ್ಣಿಗೂ ಬೀಳದು. ಆದ್ದರಿಂದ ಹಳೇ ಟ್ರ್ಯಾಪ್ ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿ. ನೆಲಕ್ಕೆ ವಾಟರ್‌ಪ್ರೂಫಿಂಗ್ ಹಚ್ಚಿ, ಒಣಗಿದ ಮೇಲೆ ನೀರು ಕಟ್ಟಿ ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟು, ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಟೈಲ್ಸ್ ಹಾಕಿಸಿ. ಈ ಒಂದು ದಿನವನ್ನು ಉಳಿಸಲು ಹೋಗಬೇಡಿ.

ಇನ್ನು ಆಯ್ಕೆ. ವಯಸ್ಸಾದವರಿಗೆ ಎತ್ತರವೇ ಮುಖ್ಯ. ಮಾಮೂಲಿ ಕಮೋಡು ಸುಮಾರು 16 ಇಂಚು, 17–18 ಇಂಚಿನದಾದರೆ ಏಳುವುದು ಹಗುರ. ಅತ್ತೆಯವರನ್ನು ಅಂಗಡಿಗೇ ಕರೆದುಕೊಂಡು ಹೋಗಿ, ಕೂರಿಸಿ ಏಳಿಸಿ ನೋಡಿದೆ. ಅಂಗಡಿಯವರಿಗೆ ವಿಚಿತ್ರ ಅನಿಸಿರಬಹುದು, ನನಗೆ ಅದರಲ್ಲಿ ಸಂಕೋಚವೇನೂ ಇರಲಿಲ್ಲ. ಹಿಡಿದುಕೊಳ್ಳುವ ಕಂಬಿಗೂ ಅದೇ ದಿನ ಹೇಳಿದ್ದಾಯಿತು.

ಒಳಗಿನ ರಚನೆಯನ್ನೂ ಕೇಳಿ ತಿಳಿದುಕೊಳ್ಳಿ. ಸೈಫನ್ ಮಾದರಿಯದು ಸದ್ದಿಲ್ಲದೆ ಎಳೆದುಕೊಳ್ಳುತ್ತದೆ, ನೋಡಲೂ ಚಂದ. ಆದರೆ ಅದರ ಕೊಳವೆ ಕಿರಿದು. ವಾಷ್‌ಡೌನ್ ಮಾದರಿಯಲ್ಲಿ ನೀರು ಮೇಲಿಂದ ರಭಸವಾಗಿ ತಳ್ಳುತ್ತದೆ, ದಾರಿ ಅಗಲ, ಕಟ್ಟಿಕೊಳ್ಳುವುದು ಕಡಿಮೆ, ನಲ್ಲಿಯಲ್ಲಿ ನೀರಿಲ್ಲದ ದಿನ ಬಕೆಟ್ಟಿನಿಂದ ಸುರಿದರೂ ನಡೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕುಡಿದು ಬದುಕುವ ಬೆಂಗಳೂರಿನ ಮನೆಗಳಿಗೆ ನನ್ನ ಮತ ವಾಷ್‌ಡೌನ್‌ಗೆ. ಗೋಡೆಗೆ ತೂಗುಹಾಕುವ ಕಮೋಡಿನ ಟ್ಯಾಂಕು ಗೋಡೆಯೊಳಗೆ ಹೋಗುತ್ತದೆ. ಹಳೇ ಮನೆಯಲ್ಲಿ ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ನೀರಿನ ಲೆಕ್ಕವೂ ಇದೆ. ನಮ್ಮ ಹಳೇ ಟ್ಯಾಂಕು ಒಂದು ಸಲಕ್ಕೆ 10 ಲೀಟರ್ ಬಿಡುತ್ತಿತ್ತು. ಈಗಿನ ಎರಡು ಗುಂಡಿಯ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ 3 ಮತ್ತು 6 ಲೀಟರ್. ಮನೆಯಲ್ಲಿ ನಾಲ್ವರಿದ್ದು, ದಿನಕ್ಕೆ 20 ಸಲ ಫ್ಲಶ್ ಆಗಿ, ಅದರಲ್ಲಿ 4 ಸಲ ದೊಡ್ಡ ಗುಂಡಿ ಒತ್ತಿದರೆ 72 ಲೀಟರ್ ಸಾಕು, ಮೊದಲು 200 ಬೇಕಿತ್ತು. ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ಮೇಲೆತ್ತಿ ತಂದ ಕಾವೇರಿ ಅದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ 128 ಲೀಟರಿನ ಬೆಲೆ ಗೊತ್ತಿದೆ.

ಕೂರಿಸುವಾಗ ಹತ್ತಿರವೇ ಇರಿ. ಬುಡಕ್ಕೆಲ್ಲ ಸಿಮೆಂಟು ತುಂಬಿದರೆ ಮುಂದೆ ತೆಗೆಯುವಾಗ ಪಿಂಗಾಣಿ ಒಡೆದೇ ಹೊರಬರಬೇಕು. ಸುತ್ತ ಸಿಲಿಕೋನ್ ಹಾಕಿಸಿ, ಹಿಂಭಾಗದಲ್ಲಿ ಸ್ವಲ್ಪ ಖಾಲಿ ಬಿಡಿಸಿ, ಒಳಗೆ ಸೋರಿದರೆ ಅಲ್ಲಿ ಕಾಣಿಸುತ್ತದೆ. ಎರಡೂ ಬದಿಯ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಕೂಲಿ ಮಾತಾಡುವಾಗ ಒಡೆಯುವುದು, ಕೂರಿಸುವುದು, ಒಡೆದ ಕಸ ಸಾಗಿಸುವುದು ಮೂರನ್ನೂ ಬೇರೆಬೇರೆಯಾಗಿ ಕೇಳಿ. ಯಾವುದೋ ಕೆರೆಯ ಅಂಚಿಗೆ ಸುರಿದು ಬರುತ್ತೇವೆ ಅಂದರೆ ಒಪ್ಪಬೇಡಿ. ಚೌಕಾಸಿ ಮಾಡುವುದಿದ್ದರೆ ಕಮೋಡಿನ ಬೆಲೆಯಲ್ಲಿ ಮಾಡಿ, ಕೈಕೆಲಸ ಬಲ್ಲವರ ಕೂಲಿಯಲ್ಲಿ ಬೇಡ.

ನಾನು ಒತ್ತಿ ಹೇಳಬೇಕಾದ ಮಾತು ಮನೆಯ ಹೊರಗಿನ ಚರಂಡಿ ಚೇಂಬರಿನದು. ಕೆಲಸದ ನಡುವೆ ನಮ್ಮ ಹೊರಗಿನ ಲೈನ್ ಕಟ್ಟಿಕೊಂಡಿತು. ಅಲ್ಲೇ ಇದ್ದ ಒಬ್ಬರು, "ಒಬ್ಬ ಹುಡುಗನ್ನ ಕರೆಸ್ತೀನಿ, ಇಳಿದು ಕೈಯಲ್ಲೇ ತೆಗೀತಾನೆ" ಅಂದರು. ಬೇಡವೇ ಬೇಡ ಅಂದೆ. ಮನುಷ್ಯರನ್ನು ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಒಳಗಿನ ವಿಷಾನಿಲಕ್ಕೆ ಒಂದೆರಡು ಉಸಿರು ಸಾಕು. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದೇ ಅನಿಷ್ಟದ ವಿರುದ್ಧ ಜೀವನವಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಇಷ್ಟಾದ ಮೇಲೂ ನಮ್ಮ ಮನೆಯ ಅನುಕೂಲಕ್ಕೆ ಇನ್ನೊಬ್ಬರ ಮಗನನ್ನು ಗುಂಡಿಗೆ ಇಳಿಸುವುದು ನನ್ನಿಂದಾಗದು. ಜೆಟ್ಟಿಂಗ್ ಯಂತ್ರ ತರಿಸಿದೆವು, ಕೆಲಸ ಮಾರನೇ ದಿನಕ್ಕೆ ಹೋಯಿತು, ಹೋಗಲಿ. ಬೀದಿಯ ಚರಂಡಿಯ ತೊಂದರೆಯಾದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಬಹುದು.

ಪೂರ್ತಿ ಹಣ ಕೊಡುವ ಮುಂಚೆ ನಾಲ್ಕು ದಿನ ಬಳಸಿ ನೋಡಿ. ಟ್ಯಾಂಕಿಗೆ ನಾಲ್ಕು ಹನಿ ನೀಲಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ, ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಒಳಗಿನ ವಾಷರ್ ಸೋರುತ್ತಿದೆ ಎಂದರ್ಥ. ಆಂಗಲ್ ಕಾಕಿನ ಬುಡವನ್ನು ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಬಿಲ್ಲಿನ ಜೊತೆ ಟ್ಯಾಂಕಿನ ಮಾಡೆಲ್ ನಂಬರನ್ನೂ ಬರೆದಿಡಿ. ಕೆಲವು ವರ್ಷಗಳ ಮೇಲೆ ವಾಷರ್ ಕೇಳಿಕೊಂಡು ಹೋದಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.