ಅಶ್ವಲಂಘನದಲ್ಲಿ ಸವಾರನ ಆಸನ: ಕಪ್ರಿಲ್ಲಿಯ ಸುಧಾರಣೆ

ಕುದುರೆಯು ತಡೆಯೊಂದನ್ನು ಹಾರಿ ದಾಟುವಾಗ ಸವಾರನು ಹೇಗೆ ಕುಳಿತಿರಬೇಕು? ಈ ಪ್ರಶ್ನೆಯು ಕೇವಲ ಕ್ರೀಡಾಂಗಣಕ್ಕೆ ಸೇರಿದುದೆಂದು ತೋರಬಹುದು. ಆದರೆ ಯೂರೋಪಿನ ಅಶ್ವಸೈನ್ಯಗಳು ಇದಕ್ಕೆ ಕೊಡುತ್ತಿದ್ದ ಉತ್ತರವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಲೆಕೆಳಗಾಯಿತು. ಆ ಬದಲಾವಣೆಯ ಕಾರಣವನ್ನು ತಿಳಿದರೆ ಇಂದಿನ ಲಂಘನವಿಧಾನದ ನಿಯಮಗಳ ಅರ್ಥವು ತಾನಾಗಿಯೇ ವಿಶದವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಬೇಟೆಯ ಚಿತ್ರಗಳನ್ನು ನೋಡಿದರೆ ಹಳೆಯ ಪದ್ಧತಿಯು ನಮ್ಮ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಸವಾರನು ಉದ್ದವಾದ ರಿಕಾಪುಗಳಲ್ಲಿ ಕಾಲನ್ನು ಮುಂದಕ್ಕೆ ಚಾಚಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಲಗಾಮನ್ನು ಬಿಗಿಹಿಡಿದಿರುತ್ತಾನೆ. ಹಿಂದಕ್ಕೆ ಬಾಗಿದರೆ ಕುದುರೆಯ ಕೋಮಲವಾದ ಮುಂಗಾಲುಗಳ ಮೇಲಿನ ಭಾರವು ಕಡಿಮೆಯಾಗುವುದೆಂದೂ, ತಾನು ಮುಂದಕ್ಕೆ ಮುಗ್ಗರಿಸಿ ಬೀಳುವ ಭಯವಿಲ್ಲವೆಂದೂ ಆಗಿನವರು ನಂಬಿದ್ದರು.

ಈ ನಂಬಿಕೆಯನ್ನು ಪರೀಕ್ಷಿಸಿದವನು ಇಟಲಿಯ ಅಶ್ವದಳದ ಅಧಿಕಾರಿ ಫೆದೆರಿಕೊ ಕಪ್ರಿಲ್ಲಿ (1868–1907). ಸವಾರನಿಲ್ಲದ ಕುದುರೆಯು ಸ್ವೇಚ್ಛೆಯಿಂದ ಹಾರುವ ಬಗೆಯನ್ನು ಆತನು ಗಮನಿಸಿದನು. ಅದು ನೆಲವನ್ನು ಒದೆದು ಮೇಲೇಳುವಾಗ ಕತ್ತನ್ನು ಮುಂದಕ್ಕೆ ನೀಡಿ, ಬೆನ್ನನ್ನು ಕಮಾನಿನಂತೆ ಬಾಗಿಸುತ್ತದೆ. ಇಳಿಯುವಾಗ ಮೊದಲು ನೆಲಕ್ಕೆ ತಾಗುವುವು ಮುಂಗಾಲುಗಳೇ. ಹೀಗಿರಲು, ಹಿಂದಕ್ಕೆ ಬಾಗಿದ ಸವಾರನು ಮುಂಗಾಲುಗಳಿಗೆ ಉಪಕಾರ ಮಾಡುವುದಿಲ್ಲ. ಅವನ ಭಾರವು ಕುದುರೆಯ ಸೊಂಟದ ಮೇಲೆ ಬಿದ್ದು ಹಿಂಗಾಲುಗಳನ್ನು ಕೆಳಕ್ಕೆಳೆಯುತ್ತದೆ. ಬಿಗಿದ ಲಗಾಮು ಬಾಯನ್ನು ನೋಯಿಸಿ ಕತ್ತಿನ ಚಲನೆಯನ್ನು ತಡೆಯುತ್ತದೆ. ಹಲವು ಸಲ ನೋವುಂಡ ಕುದುರೆಯು ತಡೆಯನ್ನು ಕಂಡೊಡನೆ ಹಿಂಜರಿಯುವುದು ಹಟದಿಂದಲ್ಲ, ಅನುಭವದಿಂದ.

ಕಪ್ರಿಲ್ಲಿಯು ರಿಕಾಪನ್ನು ಗಿಡ್ಡಗೊಳಿಸಿದನು. ಸವಾರನು ಜೀನಿನಿಂದ ತುಸುವೇ ಮೇಲೆದ್ದು, ಸೊಂಟದಿಂದ ಮುಂದಕ್ಕೆ ಬಾಗಿ, ತನ್ನ ಭಾರವನ್ನು ತೊಡೆ, ಮೊಣಕಾಲು ಮತ್ತು ಕೆಳಕ್ಕಿಳಿದ ಹಿಮ್ಮಡಿಗಳ ಮೇಲೆ ವಹಿಸಬೇಕು. ಕೈಗಳು ಕುದುರೆಯ ಬಾಯನ್ನು ಅನುಸರಿಸಿ ಮುಂದೆ ಸಾಗಬೇಕು. ಮೇಲಧಿಕಾರಿಗಳು ಮೊದಲು ಇದನ್ನು ಒಪ್ಪಲಿಲ್ಲ. ಆದರೆ 1902ರಲ್ಲಿ ತೂರಿನ್ ನಗರದಲ್ಲಿ ಆತನು ಮೆಲೋಪೊ ಎಂಬ ಕುದುರೆಯನ್ನೇರಿ 2.08 ಮೀಟರು ಎತ್ತರವನ್ನು ದಾಟಿದನು. ಪಿನೆರೋಲೊ ಮತ್ತು ತೋರ್ ದಿ ಕ್ವಿಂತೊಗಳ ಅಶ್ವಶಾಲೆಗಳಲ್ಲಿ ಈ ವಿಧಾನವು ನೆಲೆಗೊಂಡಿತು. ಪರದೇಶದ ಅಧಿಕಾರಿಗಳೂ ಅದನ್ನು ಕಲಿಯಲು ಅಲ್ಲಿಗೆ ಬಂದರು.

ಇಂದು ಕಲಿಯುವವನು ಅನುಸರಿಸಬೇಕಾದ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ನೆಲದ ಮೇಲೆ ಸುಮಾರು 1.3 ಮೀಟರು ಅಂತರದಲ್ಲಿ ಮರದ ದಂಡಗಳನ್ನಿರಿಸಿ, ಕುದುರೆಯನ್ನು ದುಲಕಿ ಓಟದಲ್ಲಿ ಅವುಗಳ ಮೇಲೆ ನಡೆಸಬೇಕು; ಕುದುರೆಯ ಹೆಜ್ಜೆಯುದ್ದಕ್ಕೆ ತಕ್ಕಂತೆ ಆ ಅಂತರವನ್ನು ಸರಿಪಡಿಸಬೇಕು. ತಡೆಯನ್ನು ಸಮೀಪಿಸುವಾಗ ವೇಗಕ್ಕಿಂತ ಓಟದ ಏಕರೂಪತೆಯು ಮುಖ್ಯ. ದೃಷ್ಟಿಯು ತಡೆಯ ಆಚೆಗಿರಬೇಕು. ಕುದುರೆಯು ಮೇಲೇಳುವ ಮೊದಲೇ ಸವಾರನು ಮುಂದಕ್ಕೆ ಎರಗಬಾರದು. ಹಾಗೆ ಮಾಡಿದರೆ ನೆಲವನ್ನು ಬಿಡಬೇಕಾದ ಮುಂಗಾಲುಗಳ ಮೇಲೆಯೇ ಭಾರವು ಬೀಳುತ್ತದೆ. ಇಳಿದ ಬಳಿಕವೂ ಜೀನಿನ ಮೇಲೆ ಧೊಪ್ಪನೆ ಕೂರದೆ ಮೆಲ್ಲನೆ ಕುಳಿತುಕೊಳ್ಳಬೇಕು.

ಹಳೆಯ ತಪ್ಪು ಇಷ್ಟು ಕಾಲ ಉಳಿದುದೇಕೆ? ಸವಾರನು ಬೀಳದಿದ್ದುದನ್ನೇ ಅದರ ಸಮರ್ಥನೆಯೆಂದು ಜನರು ಎಣಿಸಿದರು. ಕುದುರೆಯ ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ. ಕಪ್ರಿಲ್ಲಿಯು 1907ರಲ್ಲಿ ಕುದುರೆಯಿಂದ ಬಿದ್ದು ಮರಣ ಹೊಂದಿದನು. ಅಶ್ವದಳಗಳ ಕಾಲವೂ ಬಹುಬೇಗ ಮುಗಿಯಿತು. ಆದರೆ ಹೊತ್ತು ನಡೆಯುವ ಪ್ರಾಣಿಗೆ ಅಡ್ಡಿಯಾಗದಿರುವುದೇ ಸವಾರನ ಮೊದಲ ವಿದ್ಯೆಯೆಂಬ ಆತನ ತತ್ತ್ವವು ಇಂದಿಗೂ ಪ್ರತಿಯೊಂದು ಲಂಘನಾಂಗಣದಲ್ಲಿ ಉಳಿದುಬಂದಿದೆ.